ಆರಿದ ಮೇಲೆ ಎಂಟು ಸೆಕೆಂಡು

ಬಾಗಿಲು ಹಾಕು ಲೊವ್ರೊ, ಬೂರಾ ಬೀಸುತ್ತಿದೆ.
ಬೆಟ್ಟದಿಂದ ಇಳಿದು, ರಿಯೆಕಾದ ಕಡಲು ಕೆರೆದು,
ಈ ಶೆಡ್ಡಿನ ಒಂದು ಸಂದಿಯಲ್ಲಿ ನುಸುಳಿದರೆ ಸಾಕು,
ಟಾರ್ಚಿನ ಬಾಯಿಂದ ಆರ್ಗಾನ್ ಕಸಿದುಬಿಡುತ್ತದೆ.
ಆಮೇಲೆ ಬೆಸುಗೆ ಉಬ್ಬಿದ ಬ್ರೆಡ್ಡು,
ಮೈತುಂಬ ತೂತು.

ಸಿಲಿಂಡರ್ ತಟ್ಟಿ ನೋಡು. ಆಳೆತ್ತರ,
ಹೆಗಲಿಗೆ ಕಡುಹಸಿರು ಬಣ್ಣ.
ಒಳಗಿರುವುದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.
ಹೆಸರಿಟ್ಟವರು ಗ್ರೀಕಿನಲ್ಲಿ ಸೋಮಾರಿ ಎಂದರಂತೆ.
ನನಗೆ ಆ ಹೆಸರು ಒಪ್ಪಿಗೆಯಿಲ್ಲ.
ಹೊರಪಂಕ್ತಿಯ ಎಂಟೂ ಮಣೆ ತುಂಬಿ ಕೂತ ಮನೆ ಅದು,
ಇನ್ನೊಬ್ಬರಿಗೆ ಎಲೆ ಹಾಕಲು ಜಾಗವಿಲ್ಲ.
ಯಾರ ಮನೆಗೂ ಹೆಣ್ಣು ಕೊಡದು,
ಯಾರ ಮನೆಯಿಂದಲೂ ತಾರದು.
ಬೀಗತನವೇ ಇಲ್ಲದವರಿಗೆ ಜಗಳ ಎಲ್ಲಿಯದು?

ಈಗ ನಿನ್ನ ಎದೆಯಲ್ಲೂ ಇದೆ ಬಿಡು.
ನೂರು ಪಾಲು ಗಾಳಿಯಲ್ಲಿ ಒಂದಕ್ಕೆ ಚೂರು ಕಮ್ಮಿ.
ಕಲ್ಲಿನೊಳಗೆ ಪೊಟ್ಯಾಸಿಯಂ
ಕೋಟ್ಯಂತರ ವರ್ಷ ಕೂತು ಸವೆದು ಹೆತ್ತ ಕೂಸು.
ಒಳಗೆ ಬಂದದ್ದನ್ನೂ ಹೇಳದು,
ಹೊರಟದ್ದನ್ನೂ ಹೇಳದು.

ಹೆಲ್ಮೆಟ್ ಇಳಿಸು. ನಿಮಿಷಕ್ಕೆ ಒಂಬತ್ತು ಲೀಟರ್ ಇಡು.
ಟಂಗ್‌ಸ್ಟನ್ ಮೊನೆಯ ಕೆಳಗೆ ಉಕ್ಕು ಕರಗಿ
ಮಸೂರದ ಕಾಳಿನಷ್ಟು ಕೊಳ ಹೊಳೆಯಿತೇ?
ಅದು ಹಸಿ ಬಾಣಂತಿ.
ಆಮ್ಲಜನಕ ಹೊಸ್ತಿಲಲ್ಲೇ ಕಾದಿರುತ್ತದೆ,
ಆರ್ಗಾನ್ ಪರದೆ ಹಿಡಿದು ನಿಂತಿರುತ್ತದೆ.
ಮುಗಿದ ಮೇಲೆ ಒಣಹುಲ್ಲಿನ ಬಣ್ಣ ಬಂದರೆ ಸರಿ.
ನೀಲಿಯಾದರೆ ಯೋಚಿಸು.
ಬೂದಿಯಾದರೆ ಉಜ್ಜಿ ತೆಗೆ, ಮತ್ತೆ ಮಾಡು.

ಆರ್ಕ್ ಆರಿತೆಂದು ಕೈ ತೆಗೆದೆಯಲ್ಲ!
ಅಲ್ಲೇ ಹಿಡಿ. ಎಂಟು ಸೆಕೆಂಡು.
ಕೆಂಪು ಇಳಿಯುವ ತನಕ ಅದು ಹರಿಯುತ್ತಿರಲಿ.
ಬೆಸುಗೆ ಬಹಳ ಸಲ ಕೆಡುವುದು
ಮುಗಿಯಿತೆಂದು ಕೈ ಒರೆಸಿಕೊಳ್ಳುವಾಗ.

ಇನ್ನು ಕೊಳವೆಯ ವಿಷಯ.
ಇದನ್ನು ಹೇಳಲು ನಾನು ಕೂರಬೇಕು.

ಹದಿನಾರು ವರ್ಷದ ಹಿಂದೆ, ಮೂರನೇ ಕಟ್ಟೆ,
ಒಬ್ಬ ಮನುಷ್ಯ ತೆವಳುವಷ್ಟು ಅಗಲದ ಕೊಳವೆ.
ಬೆಸುಗೆಯ ಬೆನ್ನು ಕಪ್ಪಾಗದಿರಲೆಂದು
ಒಳಗೆಲ್ಲ ಆರ್ಗಾನ್ ತುಂಬಿಸಿದ್ದೆವು.
ಕವಾಟ ತಿರುಗಿಸಿದ್ದು ಈ ಕೈ.
ಊಟದ ಹೊತ್ತಿಗೆ ಜ್ವೋನಿಮಿರ್‌ಗೆ ನೆನಪಾಯಿತು,
ಅಳತೆ ಟೇಪು ಒಳಗೇ ಉಳಿದಿದೆ ಎಂದು.
ಅರ್ಧ ನಿಮಿಷದ ಕೆಲಸ.

ಕೆಮ್ಮಲಿಲ್ಲ. ಕೂಗಲಿಲ್ಲ. ಕತ್ತು ಹಿಡಿದುಕೊಳ್ಳಲಿಲ್ಲ.
ಉಸಿರು ಕಟ್ಟಿದಾಗ ಎದೆ ಹೊಡೆದುಕೊಳ್ಳುವುದು
ಒಳಗಿನ ಕೆಟ್ಟ ಗಾಳಿ ಹೊರಹೋಗದಿದ್ದಾಗ;
ಅವನದು ಸಲೀಸಾಗಿ ಹೋಗುತ್ತಿತ್ತು,
ಸಲೀಸಾಗಿ ಬರುತ್ತಿತ್ತು,
ಬಂದದ್ದರಲ್ಲಿ ಏನೂ ಇರಲಿಲ್ಲ ಅಷ್ಟೆ.
ಎರಡೋ ಮೂರೋ ಉಸಿರು.
ಗಾಳಿಗಿಂತ ಭಾರ ಅದು, ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ.
ಎಳೆದು ತಂದಾಗ ಟೇಪು ಕೈಯಲ್ಲೇ ಇತ್ತು,
ಮುಖದಲ್ಲಿ ಏನೋ ಕೇಳಿಸಿಕೊಳ್ಳುವವನ ಚಹರೆ.

ತನಿಖೆಯ ಕಾಗದದಲ್ಲಿ ಬರೆದರು: ಅನಿಲ ವಿಷಕಾರಿಯಲ್ಲ.
ನಿಜ.
ಯಾರನ್ನೂ ಮುಟ್ಟದ್ದು ಅವನನ್ನೂ ಮುಟ್ಟಲಿಲ್ಲ.
ಜಾಗ ಹಿಡಿದು ಕೂತಿತ್ತು.
ನಾನು ಆ ಕಾಗದಕ್ಕೆ ಸಹಿ ಹಾಕಿದೆ, ನೆವೆಂಕಾ ಎಂದು,
ಕೊನೆಯ ಅಕ್ಷರ ಕಾಗದದ ಹೊರಗೆ ಹೋಯಿತು.

ಹೋದ ಚಳಿಗಾಲ ಮನೆಗೆ ಹೊಸ ಕಿಟಕಿ ಹಾಕಿಸಿದೆ,
ಜೋಡಿ ಗಾಜಿನದು.
ಎರಡರ ನಡುವೆ ಏನು ತುಂಬಿದ್ದೀರಿ ಎಂದು ಕೇಳಿದೆ.
ಹುಡುಗ ಹೇಳಿದ. ನಾನು ಸುಮ್ಮನಿದ್ದೆ.
ಈಗ ಬೂರಾ ರಾತ್ರಿಯಿಡೀ ಹೆಂಚು ಕಿತ್ತರೂ
ಒಳಗೆ ಬೆಚ್ಚಗೆ, ಸದ್ದೂ ಕಮ್ಮಿ.
ಕೆಲವೊಮ್ಮೆ ಎದ್ದು ಹೋಗಿ ಗಾಜಿಗೆ ಹಣೆ ಒತ್ತುತ್ತೇನೆ.
ಹತ್ತಿರ ಎನ್ನಬಹುದೋ ಏನೋ.

ಸಾಕು. ಮೀಟರ್ ತಗೋ.
ಹಗ್ಗಕ್ಕೆ ಕಟ್ಟು, ನಿನಗಿಂತ ಮೊದಲು ಅದು ಇಳಿಯಲಿ.
ಇಪ್ಪತ್ತು ಪಾಯಿಂಟ್ ಒಂಬತ್ತು ಇರಬೇಕು.
ಬಾಯಿಬಿಟ್ಟು ಓದು, ಗಟ್ಟಿಯಾಗಿ,
ನನಗೆ ಈ ಕಿವಿ ಮಂದ.